ಅಪ್ಪನ ಎಕ್ಸ್220: ರಿಪೇರಿ ಮಾಡಿಸ್ಲಾ, ಟಿ480 ಕೊಡಿಸ್ಲಾ? ನಿಮ್ಮ ಥಿಂಕ್‌ಪ್ಯಾಡ್ ಅನುಭವ ಹೇಳಿ

ಮಲೆನಾಡ_ಹುಡುಗಿ:
ಎಲ್ರಿಗೂ ನಮಸ್ಕಾರ. ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ರು, ರಿಟೈರ್ ಆಗೋ ಹೊತ್ತಿಗೆ ತಗೊಂಡ ಥಿಂಕ್‌ಪ್ಯಾಡ್ ಎಕ್ಸ್220 ಲ್ಯಾಪ್‌ಟಾಪಲ್ಲೇ ಇವತ್ತಿಗೂ ಬರೀತಾರೆ. 2011ರ ಮಾಡಲ್, ಐ5 ಎರಡನೇ ಜನರೇಷನ್, 4 ಜಿಬಿ ರ್‍ಯಾಮ್, ತಿರುಗೋ ಹಳೇ ಹಾರ್ಡ್‌ಡಿಸ್ಕು. ಸಾಗರದ ಕಡೆ ಹೆಂಗಸರು ಹೇಳೋ ಹಾಡುಗಳನ್ನ ಎಷ್ಟೋ ವರ್ಷದಿಂದ ಕೇಳಿ ಕೇಳಿ ಟೈಪ್ ಮಾಡಿ ಇಟ್ಟಿದ್ದಾರೆ, ಎಲ್ಲಾ ಅದರಲ್ಲೇ ಇದೆ. ಹೋದ ವರ್ಷ ತೆಳ್ಳಗಿರೋ ಹೊಸ ಲ್ಯಾಪ್‌ಟಾಪ್ ಒಂದು ಕೊಡಿಸಿದ್ವಿ, ಎರಡೇ ದಿನಕ್ಕೆ ವಾಪಸ್ ಕೊಟ್ರು, "ಕೀ ಒತ್ತಿದ್ದು ಬೆರಳಿಗೆ ಗೊತ್ತೇ ಆಗಲ್ಲ ಕಣೇ" ಅಂತ.
ಈಗ ಎಕ್ಸ್220 ಆನ್ ಮಾಡಿದಾಗೆಲ್ಲ ಬೀಪ್ ಬಂದು 0271 ಅಂತ ತೋರಿಸತ್ತೆ, ಬ್ಯಾಟರಿ ಹತ್ತು ನಿಮಿಷ ಬರಲ್ಲ, ವಿಂಡೋಸ್ 10 ಶುರುವಾಗೋ ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು, ಅದರ ಮೇಲೆ ವಿಂಡೋಸ್ 10ಕ್ಕೆ ಸಪೋರ್ಟೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ರಿಪೇರಿ ಮಾಡಿಸಿದ್ರೆ ಇನ್ನೊಂದು ನಾಲ್ಕೈದು ವರ್ಷ ಬರತ್ತಾ? ಇಲ್ಲಾ ಎಲ್ಲರೂ ಹೇಳೋ ಥಿಂಕ್‌ಪ್ಯಾಡ್ ಟಿ480 ತಗೊಳ್ಳಲಾ? ಉಪಯೋಗಿಸಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ_ಸ್ಕ್ರೂಡ್ರೈವರ್:
ಅಕ್ಕಾರ, ಅದನ್ನ ಗುಜರಿಗೆ ಮಾತ್ರ ಕೊಡಬ್ಯಾಡ್ರಿ. 0271 ಅಂದ್ರ ತಾರೀಖು-ಟೈಮ್ ತಪ್ಪೈತಿ ಅಂತ ಅಷ್ಟ, ಒಳಗ ಟೈಮ್ ನೆನಪಿಡೋ ಸಣ್ಣ ಸಿಮಾಸ್ ಬ್ಯಾಟರಿ ಸತ್ತೈತಿ, ಬೋರ್ಡಿಗೆ ಏನೂ ಆಗಿಲ್ಲ. ಸಿಆರ್2032 ಸೆಲ್ಲು, ಗಡಿಯಾರದ ಅಂಗಡ್ಯಾಗೂ ಸಿಗತೈತಿ, ಆದ್ರ ಇದಕ್ಕ ವಯರು ಕನೆಕ್ಟರ್ ಹಚ್ಚಿದ್ದ ಬೇಕ್ರಿ, ಬರೇ ಸೆಲ್ಲು ತಂದು ಟೇಪ್ ಸುತ್ತಾಕ ಹೋಗಬ್ಯಾಡ್ರಿ.
ನಾ ರಿಪೇರಿ ಕೆಲಸಾನ ಮಾಡಾಂವ, ದಿನಾ ಎಲ್ಲಾ ಕಂಪನಿ ಲ್ಯಾಪ್‌ಟಾಪ್ ಬಿಚ್ಚತೇನಿ. ಥಿಂಕ್‌ಪ್ಯಾಡ್ ಬಂದ್ರ ಮನಸಿಗೆ ಒಂದ್ ಥರಾ ಖುಷಿ ಆಗತೈತಿ ನೋಡ್ರಿ, ಯಾಕಂದ್ರ ಕೆಳಗ ತಿರುವಿ ಹಾಕಿದ್ರ ಯಾವ ಸ್ಕ್ರೂ ಕೀಬೋರ್ಡಿಂದು ಅಂತ ಪಕ್ಕದಾಗ ಸಣ್ಣ ಚಿತ್ರಾನ ಬರದಿರತಾರ. ಇಡೀ ಮಷೀನ್ ಹೆಂಗ ಬಿಚ್ಚಬೇಕು, ಯಾವ ಸ್ಕ್ರೂ ಎಷ್ಟು ಉದ್ದ, ಎಲ್ಲಾ ಹಾರ್ಡ್‌ವೇರ್ ಮೇಂಟೆನೆನ್ಸ್ ಮ್ಯಾನ್ಯುಯಲ್ ಅಂತ ಕಂಪನಿಯವರ ಪುಕ್ಕಟೆ ಕೊಡತಾರ್ರಿ. ಬ್ಯಾರೆ ಎಷ್ಟೋ ಲ್ಯಾಪ್‌ಟಾಪಿಗೆ ಇಂಥಾದ್ದು ಹುಡುಕಿದ್ರೂ ಸಿಗಂಗಿಲ್ಲ, ಪ್ಲಾಸ್ಟಿಕ್ ಕ್ಲಿಪ್ ಮುರಿದ ಮ್ಯಾಲ ಎಲ್ಲಿತ್ತು ಅಂತ ಗೊತ್ತಾಗತೈತಿ.
ನೀವು ಮಾಡಬೇಕಾದ್ದು ಇಷ್ಟ. ಮೊದಲ ಎಸ್‌ಎಸ್‌ಡಿ, ಅಂದ್ರ ತಿರುಗದ ಚಿಪ್ಪಿನ ಡಿಸ್ಕ್, ಹಾಕ್ರಿ, 7 ಮಿಲಿಮೀಟರ್ ದಪ್ಪದ್ದು, ಪಕ್ಕದ ಮುಚ್ಚಳಕ್ಕ ಒಂದ ಸ್ಕ್ರೂ ಐತಿ, ಅದನ್ನ ಬಿಚ್ಚಿ ಹಳೇ ಡಿಸ್ಕ್ ಎಳದ್ರ ಬರತೈತಿ. ಆಮೇಲೆ ಡಿಡಿಆರ್3 ರ್‍ಯಾಮ್, ಕಾಗದದ ಮ್ಯಾಲ 8 ಜಿಬಿ ತನಕ ಅಂತಾರ, ಆದ್ರ 16 ಹಾಕಿದ್ರೂ ಚೊಲೋ ನಡಿತೈತಿ. ಪ್ರೊಸೆಸರ್ ಮ್ಯಾಲಿನ, ಬಿಸಿ ಹೊರಗ ಸಾಗಸೋ ಪೇಸ್ಟ್ ಇಷ್ಟ್ ವರ್ಷಕ್ಕ ಒಣಗಿ ಸುಣ್ಣ ಆಗಿರತೈತಿ, ಅದನ್ನೂ ಬದಲ ಮಾಡ್ರಿ.

ಟಿ42_ಕಾಲದವ:
ಇದನ್ನ ಓದಿ ಹಳೇದೆಲ್ಲ ನೆನಪಾಯ್ತು. 2004ರಲ್ಲಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ನನ್ನ ಕೈಗೆ ಕೊಟ್ಟಿದ್ದು ಟಿ42. ಮೂಲೇಲಿ ಓರೆಯಾಗಿ ಕೆಂಪು-ಹಸಿರು-ನೀಲಿ ಐಬಿಎಂ ಲೋಗೊ, ಮುಚ್ಚಳ ಮುಟ್ಟಿದ್ರೆ ರಬ್ಬರ್ ಥರ ಮೆತ್ತಗೆ, ಬ್ಯಾಗಲ್ಲಿ ಹಾಕ್ಕೊಂಡು ಬಿಎಂಟಿಸಿ ಬಸ್ಸಲ್ಲಿ ನಿಂತ್ಕೊಂಡು ಹೋಗ್ತಿದ್ದೆ ಎಷ್ಟು ಸಲ ಕಂಬಿಗೆ ತಾಗಿದೆಯೋ ಲೆಕ್ಕ ಇಲ್ಲ.
ಹೊಸಬರಿಗೆ ಸ್ವಲ್ಪ ಹಿನ್ನೆಲೆ ಹೇಳ್ತೀನಿ. ಮೊದಲನೇ ಥಿಂಕ್‌ಪ್ಯಾಡ್ 700ಸಿ ಬಂದಿದ್ದು 1992ರ ಅಕ್ಟೋಬರಲ್ಲಿ, 10.4 ಇಂಚಿನ ಕಲರ್ ಸ್ಕ್ರೀನು, ಬೆಲೆ 4,350 ಡಾಲರ್. ಆಕಾರ ಕೊಟ್ಟಿದ್ದು ರಿಚರ್ಡ್ ಸಾಪರ್ ಅನ್ನೋ ಜರ್ಮನ್ ಡಿಸೈನರ್, ಇಟಲಿಯ ಮಿಲಾನಲ್ಲಿ ಇದ್ದವರು. ಜಪಾನಿನವರು ಊಟ ಕಟ್ಟೋ ಬೆಂಟೊ ಡಬ್ಬಿ ಇದಕ್ಕೆ ಪ್ರೇರಣೆ, ಹೊರಗೆ ಸುಮ್ನೆ ಕಪ್ಪು ಪೆಟ್ಟಿಗೆ, ಮುಚ್ಚಳ ತೆಗೆದ್ರೆ ಒಳಗೆ ಎಲ್ಲಾ ಅಚ್ಚುಕಟ್ಟು. ಎಂಜಿನಿಯರಿಂಗ್ ನಡೆದಿದ್ದು ಜಪಾನಿನ ಯಮಾಟೊ ಲ್ಯಾಬಲ್ಲಿ, ಅರಿಮಾಸ ನೈಟೊ ಮುಂದಾಳತ್ವದಲ್ಲಿ. ಕೀಬೋರ್ಡ್ ಮಧ್ಯದಲ್ಲಿ ಕರ್ಸರ್ ಓಡಿಸೋ ಕೆಂಪು ಗುಂಡಿ ಟೆಡ್ ಸೆಲ್ಕರ್ ಅವರ ಕೆಲಸ. ಆ ಗುಂಡಿ ಬಣ್ಣದ ಕಥೆ ನನಗೆ ಬಹಳ ಇಷ್ಟ: ಐಬಿಎಂನಲ್ಲಿ ಕೆಂಪು ಬಣ್ಣ ಎಮರ್ಜೆನ್ಸಿ ಸ್ವಿಚ್ಚಿಗೆ ಮೀಸಲು ಅಂತ ನಿಯಮ ಇತ್ತಂತೆ, ಅದಕ್ಕೆ ಇವರು ಕಾಗದಪತ್ರದಲ್ಲಿ ಅದನ್ನ ಮೆಜೆಂಟಾ ಅಂತ ಬರೆದು ದಾಟಿಸಿದ್ರಂತೆ.
ಮೇಡಂ, ನಿಮ್ಮ ತಂದೆಯವರ ಕೈಲಿರೋದು ಏಳು ಸಾಲಿನ ಹಳೇ ಕೀಬೋರ್ಡ್ ಬಂದ ಕೊನೇ ತಲೆಮಾರು. ಎಕ್ಸ್220, ಟಿ420, ಟಿ520, ಡಬ್ಲ್ಯೂ520, ಅಲ್ಲಿಗೆ ಮುಗೀತು. 2012ರ ಎಕ್ಸ್230, ಟಿ430ರಿಂದ ಆರು ಸಾಲು, ಬಿಡಿ ಬಿಡಿ ಚಪ್ಪಟೆ ಕೀ. ಆಮೇಲೆ 2017ರಲ್ಲಿ ಇಪ್ಪತ್ತೈದು ವರ್ಷದ ನೆನಪಿಗೆ ಅಂತ ಒಂದೇ ಒಂದು ಮಾಡಲ್‌ನಲ್ಲಿ ಏಳು ಸಾಲು ವಾಪಸ್ ಬಂತು. ಹಾಗಾಗಿ ನಿಮ್ಮ ತಂದೆ ಹೇಳಿದ್ದು ವಯಸ್ಸಾದವರ ಹಟ ಅಂತ ಅನ್ಕೋಬೇಡಿ, ಅವರ ಬೆರಳು ಸರಿಯಾಗೇ ಹೇಳ್ತಿದೆ.

ಕುಡ್ಲದ_ಕರಿಡಬ್ಬಿ:
ನಾನು ಟಿ430 ಇಟ್ಕೊಂಡವ. ಐಬಿಎಂನಿಂದ ಲೆನೊವೊ ಕಂಪನಿ ಕೈಗೆ ಹೋದ ಮೇಲೆ ಥಿಂಕ್‌ಪ್ಯಾಡ್ ಹಾಳಾಯ್ತು ಅಂತ ತುಂಬಾ ಜನ ಹೇಳ್ತಾರೆ ಅಲ್ವಾ, ನಂಗೆ ಅದು ಒಪ್ಲಿಕ್ಕೆ ಆಗುದಿಲ್ಲ ಮಾರಾಯ್ರೆ. ಕೈ ಬದಲಾದದ್ದು 2005ರ ಮೇಯಲ್ಲಿ, ಯಮಾಟೊದ ಜನ ಎಲ್ಲಾ ಅವರೊಟ್ಟಿಗೇ ಹೋದದ್ದು, ನೀವೆಲ್ಲ ತಲೆ ಮೇಲೆ ಇಟ್ಕೊಂಡು ಹೊಗಳುವ ಈ ಎಕ್ಸ್220 ಕೂಡ ಲೆನೊವೊ ಕಾಲದ್ದೇ. ಕೀಬೋರ್ಡ್ ಬದಲಾಯಿಸಿದ್ದು ನಂಗೂ ಬೇಜಾರು ಉಂಟು, ಆದ್ರೆ ಅದು ಬೇರೆ ಮಾತು.
ನಂದೊಂದು ಅನುಭವ ಹೇಳ್ತೇನೆ. ಮಳೆಗಾಲದಲ್ಲಿ ಒಂದಿನ ಮಗಳು ಓಡಿ ಬಂದು ಮೇಜಿಗೆ ಡಿಕ್ಕಿ ಹೊಡೆದು ಒಂದು ಗ್ಲಾಸ್ ಚಾ ಸೀದಾ ಕೀಬೋರ್ಡ್ ಮೇಲೆ. ಈ ಮಾಡಲಿನಲ್ಲಿ ಕೀಬೋರ್ಡಿನ ಅಡಿಯಿಂದ ನೀರು ಹರಿದು ಕೆಳಗೆ ಹೋಗ್ಲಿಕ್ಕೆ ದಾರಿ ಮಾಡಿಟ್ಟಿದ್ದಾರೆ, ತಳದಲ್ಲಿ ತೂತು ಉಂಟು. ನಾನು ತಕ್ಷಣ ಚಾರ್ಜರ್ ಎಳೆದೆ, ಹಿಂದಿನ ಬ್ಯಾಟರಿ ಕಳಚಿದೆ, ಅದು ಕಳಚ್ಲಿಕ್ಕೆ ಬರ್ತದೆ ಅನ್ನುದೇ ದೊಡ್ಡ ಉಪಕಾರ ಆಯ್ತಾ, ಒಳಗೇ ಕೂತ ಬ್ಯಾಟರಿ ಆದ್ರೆ ಕರೆಂಟ್ ನಿಲ್ಲಿಸುದು ಹೇಗೆ? ಬಿಚ್ಚಿ ನೋಡಿದ್ರೆ ಬೋರ್ಡಿಗೆ ಒಂದು ಹನಿ ತಾಗಿರ್ಲಿಲ್ಲ. ಕೀಬೋರ್ಡ್ ಮಾತ್ರ ಸಕ್ಕರೆಗೆ ಅಂಟಿ ಹೋಯ್ತು. ಅದೇ ನೆಪದಲ್ಲಿ ಟಿ420ರ ಏಳು ಸಾಲಿನ ಕೀಬೋರ್ಡ್ ತರಿಸಿ ಹಾಕಿದೆ. ಅಂಚಿನಲ್ಲಿ ಸ್ವಲ್ಪ ಅರದಿಂದ ಉಜ್ಜಬೇಕು, ಕೀಬೋರ್ಡ್ ನೋಡ್ಕೊಳ್ಳುವ ಎಂಬೆಡೆಡ್ ಕಂಟ್ರೋಲರ್ ಚಿಪ್ಪಿನ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಕೂಡ ಬದಲಾಯಿಸಬೇಕು, ಇಲ್ಲದಿದ್ರೆ ಕೆಲವು ಕೀ ಒತ್ತಿದ್ರೆ ಬೇರೆಯೇ ಎಂತದೋ ಆಗ್ತದೆ. ಎರಡು ಭಾನುವಾರ ಹಿಡೀತು. ಈಗ ಅದ್ರಲ್ಲೇ ಟೈಪ್ ಮಾಡ್ತಾ ಇದ್ದೇನೆ.

ಪುಟವಿನ್ಯಾಸ:
ಮೇಷ್ಟ್ರು ಹಾಡು ಟೈಪ್ ಮಾಡ್ತಾರೆ ಅಂದಿದ್ದಕ್ಕೆ ಬರೀತಿದೀನಿ, ನಾನು ಮೈಸೂರಲ್ಲಿ ಪುಸ್ತಕಗಳ ಡಿಟಿಪಿ ಮಾಡೋಳು, ನಂದು ಟಿ420.
ಇಂಗ್ಲಿಷ್ ಟೈಪ್ ಮಾಡೋರಿಗೆ ಕೀಬೋರ್ಡ್ ಬಗ್ಗೆ ಇಷ್ಟೆಲ್ಲ ಯಾಕೆ ಅನ್ಸಬಹುದು. ನುಡಿ ಲೇಔಟಲ್ಲಿ, ಅಂದ್ರೆ ಕೆ.ಪಿ. ರಾವ್ ಅವರು ಮಾಡಿಕೊಟ್ಟ ವಿನ್ಯಾಸದಲ್ಲಿ, ಒತ್ತಕ್ಷರ ಬರಬೇಕು ಅಂದ್ರೆ ಪ್ರತಿಸಲ ಎಫ್ ಒತ್ತಬೇಕು. ಸ್ತ್ರೀ ಅಂತ ಬರೆಯೋಕೆ ಎಸ್, ಎಫ್, ಟಿ, ಎಫ್, ಆರ್, ಆಮೇಲೆ ಶಿಫ್ಟ್ ಹಿಡ್ಕೊಂಡು ಐ. ಕಣ್ಣಿಗೆ ಒಂದೇ ಅಕ್ಷರ, ಬೆರಳಿಗೆ ಆರು ಏಟು. ಮಹಾಪ್ರಾಣಕ್ಕೆ, ದೀರ್ಘಕ್ಕೆ ಎಲ್ಲಾ ಶಿಫ್ಟೇ. ದಿನಕ್ಕೆ ಮೂವತ್ತು ಪುಟ ಮಾಡಿದ್ರೆ ಎಡಗೈ ತೋರುಬೆರಳು ಎಷ್ಟು ಸಲ ಎಫ್ ಮೇಲೆ ಬೀಳತ್ತೆ ಯೋಚನೆ ಮಾಡಿ. ನನ್ನ ಟಿ420ರಲ್ಲಿ ಆ ಕೀ ಮೇಲಿನ ಅಕ್ಷರ ಪೂರ್ತಿ ಅಳಿಸಿಹೋಗಿದೆ, ಸುತ್ತ ಇರೋದೆಲ್ಲ ಹೊಸದರ ಹಾಗಿದೆ. ಆಳವಾಗಿ ಹೋಗೋ ಕೀ ಆದ್ರೆ ಎಫ್ ಬಿತ್ತೋ ಇಲ್ವೋ ಅನ್ನೋದು ಸ್ಕ್ರೀನ್ ನೋಡದೇ ಗೊತ್ತಾಗತ್ತೆ. ತೆಳ್ಳನೆ ಕೀಬೋರ್ಡಲ್ಲಿ ಮಾಡಿದ ದಿನ ಕರಡು ತಿದ್ದುವಾಗ ಒತ್ತು ಬಿಟ್ಟುಹೋದ ಪದಗಳೇ ಜಾಸ್ತಿ ಸಿಗ್ತವೆ, "ಅಮ್ಮ" ಹೋಗಿ "ಅಮಮ" ಆಗಿರತ್ತೆ.
ಇನ್ನೊಂದು, ಎಫ್ ಜೆ ಮೇಲೆ ಬೆರಳಿಟ್ಟಾಗ ಕೆಂಪು ಗುಂಡಿ ಜಿ, ಹೆಚ್, ಬಿ ಮಧ್ಯೆ ಇರೋದ್ರಿಂದ ಕೈ ಎತ್ತದೇ ಕರ್ಸರ್ ಓಡಿಸಬಹುದು. ಪುಟಕಟ್ಟೋ ಕೆಲಸದಲ್ಲಿ ಒಂದು ಸಾಲು ಸರಿಸೋದು, ಒಂದಕ್ಷರ ತಿದ್ದೋದು, ಮತ್ತೆ ಸರಿಸೋದು. ಮೊದಲು ಮೌಸಿಗೆ ಕೈ ಹೋಗಿ ಬಂದು ಭುಜ ಸೋತು ಹೋಗ್ತಿತ್ತು.
ಮೇಡಂ, ಒಂದು ಎಚ್ಚರಿಕೆ. ನಿಮ್ಮ ತಂದೆ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ರೆ ಅದು ಯೂನಿಕೋಡ್ ಆಗಿರಲ್ಲ. ಬೇರೆ ಸಿಸ್ಟಮ್ಮಲ್ಲಿ ತೆಗೆದ್ರೆ ಗೀಚು ಗೀಚಾಗಿ ಕಾಣತ್ತೆ. ಹಾರ್ಡ್‌ಡಿಸ್ಕ್ ತೆಗೆಯೋ ಮುಂಚೆ ಎಲ್ಲಾ ಫೈಲ್ ಎರಡು ಕಡೆ ಕಾಪಿ ಮಾಡಿ, ಆಮೇಲೆ ಯೂನಿಕೋಡಿಗೆ ಕನ್ವರ್ಟ್ ಮಾಡಿಸಿ. ಕನ್ವರ್ಟ್ ಆದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಇರೋ ಕಡೆ ಕಣ್ಣಿಟ್ಟು ಓದಿ, ಅಲ್ಲೇ ತಪ್ಪು ಉಳಿಯೋದು. ಸಹಾಯ ಬೇಕಾದ್ರೆ ಕೇಳಿ, ಹಾಡಿನ ಕೆಲಸ ಅಂದ್ರೆ ನಾನೇ ಕೂತು ಮಾಡ್ಕೊಡ್ತೀನಿ.

ಮಲೆನಾಡ_ಹುಡುಗಿ:
ಪುಟವಿನ್ಯಾಸ ಅಕ್ಕ, ತುಂಬಾ ಥ್ಯಾಂಕ್ಸ್, ನೋಡಿದೆ, ನೀವು ಹೇಳಿದ ಹಾಗೇ ಎಲ್ಲಾ ನುಡಿ ಫಾಂಟಲ್ಲೇ ಇದೆ, 400ಕ್ಕಿಂತ ಜಾಸ್ತಿ ಫೈಲು. ಇವತ್ತೇ ಪೆನ್‌ಡ್ರೈವಿಗೂ ತಮ್ಮನ ಕಂಪ್ಯೂಟರಿಗೂ ಹಾಕ್ತೀನಿ. ಇದನ್ನ ನೀವು ಹೇಳದೇ ಇದ್ದಿದ್ರೆ ಡಿಸ್ಕ್ ಫಾರ್ಮ್ಯಾಟ್ ಮಾಡಿಸ್ಬಿಡ್ತಿದ್ದೆ.

ಹೊಸಬ_ಬಿಇ:
ಮಧ್ಯದಲ್ಲಿ ಬಾಯಿ ಹಾಕ್ತಿರೋದಕ್ಕೆ ಸಾರಿ. ನಾನು ಸೆಕೆಂಡ್ ಇಯರ್ ಬಿಇ, ಬಜೆಟ್ 22 ಸಾವಿರ. ಟಿ480, ಟಿ480ಎಸ್, ಟಿ490 ಮೂರೂ ಸೆಕೆಂಡ್‌ಹ್ಯಾಂಡ್ ಸಿಗ್ತಿದೆ, ಹೊಸದಾಗಿರೋದು ಅಂತ ಟಿ490 ತಗೊಳ್ಳೋಣ ಅನ್ಕೊಂಡಿದೀನಿ, ಸರೀನಾ?

ಕೆಂಪುಚುಕ್ಕಿ:
ಗುರು, ಟಿ480 ತಗೋ. 2018ರದ್ದು, ಹೊಸದು ಅಂದ ಮಾತ್ರಕ್ಕೆ ಟಿ490 ಮೇಲಲ್ಲ. ಟಿ480ರಲ್ಲಿ ರ್‍ಯಾಮ್ ಸ್ಲಾಟ್ ಎರಡು, ಎರಡೂ ನೀನೇ ಬದಲಾಯಿಸಬಹುದು. ಟಿ480ಎಸ್, ಟಿ490 ಎರಡರಲ್ಲೂ ಸ್ವಲ್ಪ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಸ್ಲಾಟ್ ಒಂದೇ. ಅದಕ್ಕಿಂತ ಮುಖ್ಯ ಬ್ಯಾಟರಿ. ಟಿ480ರಲ್ಲಿ ಒಳಗೊಂದು 24 ವ್ಯಾಟ್‌ಅವರ್ ಬ್ಯಾಟರಿ, ಹಿಂದೆ ಕಳಚೋಕೆ ಬರೋದು ಇನ್ನೊಂದು, ಹಿಂದಿನದು ಖಾಲಿ ಆದ್ರೆ ಲ್ಯಾಪ್‌ಟಾಪ್ ಆಫ್ ಮಾಡದೇ ಅದನ್ನ ತೆಗೆದು ಬೇರೆ ಹಾಕಬಹುದು, ಒಳಗಿನದು ಅಷ್ಟು ಹೊತ್ತು ಹಿಡ್ಕೊಂಡಿರತ್ತೆ. 72 ವ್ಯಾಟ್‌ಅವರಿನ ದಪ್ಪ ಬ್ಯಾಟರಿ ಹಾಕಿದ್ರೆ ಹಿಂಭಾಗ ಸ್ವಲ್ಪ ಎತ್ತರ ಆಗತ್ತೆ, ನನಗಂತೂ ಟೈಪ್ ಮಾಡೋಕೆ ಅದೇ ಹಿತ. ಟಿ490ರಿಂದ ಇದು ಹೋಯ್ತು. ಇನ್ನೊಂದು, ವಿಂಡೋಸ್ 11 ಅಧಿಕೃತವಾಗಿ ಎಂಟನೇ ಜನರೇಷನ್ನಿಂದ ಶುರು, ಟಿ480ರಲ್ಲಿ ಐ5-8250ಯು ಅಥವಾ 8350ಯು ಇರೋದನ್ನ ನೋಡ್ಕೊಂಡು ತಗೋ.
ನಾನು ತಗೊಂಡಿದ್ದು ಬೆಂಗಳೂರಿನ ಎಸ್‌ಪಿ ರೋಡಲ್ಲಿ, 21,000ಕ್ಕೆ. ಶನಿವಾರ ಬೆಳಗ್ಗೆ ಟೌನ್‌ಹಾಲ್ ಹತ್ರ ಇಳಿದು ನಡ್ಕೊಂಡು ಹೋದ್ರೆ ಅಂಗಡಿಗಳಲ್ಲಿ ಕಂಪನಿಗಳ ಲೀಸ್ ಮುಗಿದ ಕಪ್ಪು ಲ್ಯಾಪ್‌ಟಾಪ್ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿರ್ತಾರೆ. ಅವಸರ ಮಾಡ್ಬೇಡ, ನಾಲ್ಕಂಗಡಿ ತಿರುಗು, ನಿನ್ನ ಪೆನ್‌ಡ್ರೈವಲ್ಲಿ ಲಿನಕ್ಸ್ (ವಿಂಡೋಸ್ ಥರದ್ದೇ ಫ್ರೀ ಸಿಸ್ಟಮ್) ಹಾಕ್ಕೊಂಡು ಹೋಗಿ ಅಲ್ಲೇ ಬೂಟ್ ಮಾಡಿ ನೋಡು. ಸ್ಕ್ರೀನ್ 1920 ಇಂಟು 1080 ಐಪಿಎಸ್ ಇರೋದೇ ಬೇಕು ಅನ್ನು, 1366 ಇಂಟು 768 ಟಿಎನ್ ಪ್ಯಾನೆಲ್ಲೂ ಅದೇ ಹೆಸರಲ್ಲೇ ಮಾರ್ತಾರೆ, ಪಕ್ಕದಿಂದ ನೋಡಿದ್ರೆ ಬಣ್ಣ ಬಿಳಚಿಕೊಳ್ಳತ್ತೆ. ಎರಡು ಟೈಪ್-ಸಿ ಪೋರ್ಟಲ್ಲೂ ಚಾರ್ಜ್ ಆಗತ್ತಾ ನೋಡು, ಈ ಮಾಡಲಿನ ಟೈಪ್-ಸಿ ಪೋರ್ಟ್ ನಡೆಸೋ ಥಂಡರ್‌ಬೋಲ್ಟ್ ಫರ್ಮ್‌ವೇರಲ್ಲಿ ತೊಂದರೆ ಇದೆ ಅಂತ ಗೊತ್ತಾಗಿ ಕಂಪನಿಯೇ ಅಪ್‌ಡೇಟ್ ಬಿಟ್ಟಿದೆ, ತಂದ ದಿನವೇ ಅದನ್ನ ಹಾಕ್ಕೋ.

ಸ್ಟುಟ್‌ಗಾರ್ಟ್_ಕನ್ನಡಿಗ:
ಇದಕ್ಕೆ ಒಂದು ಮಾತು ಸೇರಿಸ್ತೀನಿ, ನಾನು ಪೆಟ್ಟು ತಿಂದು ಕಲಿತಿದ್ದು. ದುಡ್ಡು ಕೊಡೋ ಮುಂಚೆ ಆನ್ ಮಾಡುವಾಗ ಎಫ್1 ಒತ್ತಿ ಬಯಾಸ್ (ವಿಂಡೋಸ್‌ಗಿಂತ ಮುಂಚೆ ಬರೋ ಸೆಟ್ಟಿಂಗ್ಸ್) ಒಳಗೆ ಹೋಗಿ. ಸೂಪರ್‌ವೈಸರ್ ಪಾಸ್‌ವರ್ಡ್ ಕೇಳಿದ್ರೆ ಅದೆಷ್ಟೇ ಕಮ್ಮಿಗೆ ಕೊಟ್ರೂ ಬಿಟ್ಟು ಬನ್ನಿ. ಬೇರೆ ಕೆಲವು ಕಂಪ್ಯೂಟರಲ್ಲಿ ಸಿಮಾಸ್ ಬ್ಯಾಟರಿ ತೆಗೆದಿಟ್ರೆ ಪಾಸ್‌ವರ್ಡ್ ಹೋಗತ್ತಲ್ಲ, ಥಿಂಕ್‌ಪ್ಯಾಡಲ್ಲಿ ಹೋಗಲ್ಲ, ಅದು ಬೋರ್ಡ್ ಮೇಲಿನ ಬೇರೆ ಚಿಪ್ಪಲ್ಲಿ ಕೂತಿರತ್ತೆ, ಮ್ಯಾನ್ಯುಯಲ್ ಪ್ರಕಾರ ಇರೋ ದಾರಿ ಬೋರ್ಡ್ ಬದಲಾಯಿಸೋದೇ. ನಾನು ಆನ್‌ಲೈನಲ್ಲಿ ಒಬ್ಬರ ಹತ್ರ ಎಕ್ಸ್230 ತಗೊಂಡು ಹೀಗೇ ಸಿಕ್ಕಾಕ್ಕೊಂಡೆ, ಮಾರಿದವರು ಆಮೇಲೆ ಮೆಸೇಜಿಗೂ ಉತ್ತರ ಕೊಡಲಿಲ್ಲ. ಸೆಕ್ಯೂರಿಟಿ ಮೆನುವಲ್ಲಿ ಕಳುವಾದ ಲ್ಯಾಪ್‌ಟಾಪ್ ಪತ್ತೆ ಹಚ್ಚೋ ಆಬ್ಸಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಆನ್ ಇದೆಯಾ ಅದನ್ನೂ ನೋಡಿ.
ಇಲ್ಲಿ ಜರ್ಮನಿಯಲ್ಲಿ ಹಳೇ ಥಿಂಕ್‌ಪ್ಯಾಡ್ ಧಾರಾಳ, ಆದ್ರೆ ವೈ ಇರೋ ಜಾಗದಲ್ಲಿ ಝಡ್ ಇರತ್ತೆ. ನಾನು ಅಮೆರಿಕನ್ ಕೀಬೋರ್ಡ್ ತರಿಸ್ಕೊಂಡು ಹಾಕಿದೆ, ಅರ್ಧ ಗಂಟೆ ಕೆಲಸ, ಆವತ್ತು ಮನೇಲಿ ಎಲ್ಲರಿಗೂ ತೋರಿಸಿದೀನಿ.

ಹುಬ್ಬಳ್ಳಿ_ಸ್ಕ್ರೂಡ್ರೈವರ್:
ಸ್ಟುಟ್‌ಗಾರ್ಟ್ ಸರ್ ಹೇಳಿದ್ದು ಖರೇನ ಐತಿ, ನನ್ನ ಕಡೆನೂ ತಿಂಗಳಿಗೆ ಒಂದರ ಇಂಥಾದ್ದು ಬರತೈತಿ, ನೋಡಿದ್ರ ಸಂಕಟ ಆಗತೈತಿ, ಹುಡುಗ್ರು ರೊಕ್ಕಾ ಕೂಡಿಸಿ ತಗೊಂಡಿರತಾರ.
ಅಕ್ಕಾರ, ನಿಮ್ಮ ಎಕ್ಸ್220ಕ್ಕ ಬ್ಯಾಟರಿ ಚಿಂತಿ ಬ್ಯಾಡ್ರಿ. ಎಕ್ಸ್230ರಿಂದ ಮುಂದ ಕಂಪನಿದಲ್ಲದ ಬ್ಯಾಟರಿ ಹಾಕಿದ್ರ ಚಾರ್ಜ್ ತಗೊಳ್ಳಾಂಗಿಲ್ಲ ಅಂತ ತಡೀತೈತಿ, ಎಕ್ಸ್220ದಾಗ ಆ ಕಿರಿಕಿರಿ ಇಲ್ಲ. ಆದ್ರ ವೈಫೈ ಕಾರ್ಡ್ ಮಾತ್ರ ಮುಟ್ಟಬ್ಯಾಡ್ರಿ, ಬಯಾಸ್ ಪಟ್ಟಿಯೊಳಗ ಇಲ್ಲದ ಕಾರ್ಡ್ ಹಾಕಿದ್ರ 1802 ಅಂತ ತೋರಿಸಿ ಅಲ್ಲೇ ನಿಂತು ಬಿಡತೈತಿ.

ಮಲೆನಾಡ_ಹುಡುಗಿ:
ಹದಿನೈದು ದಿನ ಆಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ನಾನೂ ತಮ್ಮನೂ ಮ್ಯಾನ್ಯುಯಲ್ ಪಕ್ಕದಲ್ಲಿ ಇಟ್ಕೊಂಡು ಊಟದ ಮೇಜಿನ ಮೇಲೆ ಬಿಚ್ಚಿದ್ವಿ, ಸ್ಕ್ರೂಗಳನ್ನ ಮೊಟ್ಟೆ ಟ್ರೇನಲ್ಲಿ ಸಾಲಾಗಿ ಇಟ್ವಿ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು, ಒಂದು ಮಾತಾಡಲಿಲ್ಲ, ಕೀಬೋರ್ಡ್ ಎತ್ತಿದಾಗ ಮಾತ್ರ "ಮೆಲ್ಲಗೆ" ಅಂದ್ರು. ಸಿಮಾಸ್ ಬ್ಯಾಟರಿ, 240 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್, ಪೇಸ್ಟ್, ಒಂಬತ್ತು ಸೆಲ್ಲಿನ ಬ್ಯಾಟರಿ. ಲಿನಕ್ಸ್ ಮಿಂಟ್ ಹಾಕಿದೀವಿ, ಅದರಲ್ಲಿ ಕನ್ನಡ ಕಗಪ ಲೇಔಟ್ ಮೊದಲೇ ಇತ್ತು, ನುಡಿಯಲ್ಲಿ ಹೊಡೀತಿದ್ದ ಹಾಗೇ ಹೊಡೀಬಹುದು, ಅಪ್ಪ ಕೂತು ಒಂದು ಸಾಲು ಟೈಪ್ ಮಾಡಿ ನೋಡಿ ತಲೆ ಆಡಿಸಿದ್ರು. ಆನ್ ಆಗೋಕೆ ಈಗ ಅರ್ಧ ನಿಮಿಷ ಸಾಕು. ಪುಟವಿನ್ಯಾಸ ಅಕ್ಕ ಅರವತ್ತು ಫೈಲ್ ಕನ್ವರ್ಟ್ ಮಾಡಿ ಕಳಿಸಿದಾರೆ, ಅಪ್ಪ ಒಂದೊಂದೇ ಓದಿ ಒತ್ತಕ್ಷರ ತಿದ್ತಾ ಇದಾರೆ, ತಿದ್ದುವಾಗ ಬಿಟ್ಟುಹೋದ ಸಾಲುಗಳೂ ನೆನಪಾಗ್ತಿದೆ ಅಂತ ಸೇರಿಸ್ತಾ ಇದಾರೆ.
ಒಂದೇ ಒಂದು ಪ್ರಶ್ನೆ ಉಳಿದಿದೆ. ಸ್ಕ್ರೀನ್ ಮೇಲಂಚಲ್ಲಿ ಕೀಬೋರ್ಡ್ ಮೇಲೆ ಬೆಳಕು ಬೀಳೋ ಪುಟ್ಟ ದೀಪ ಇದೆಯಲ್ಲ, ಕರೆಂಟ್ ಹೋದಾಗ ಅಪ್ಪ ಅದನ್ನ ಹಾಕ್ಕೊಳ್ತಿದ್ರು, ಲಿನಕ್ಸಲ್ಲಿ ಅದಕ್ಕೆ ಏನಾದ್ರೂ ಇನ್‌ಸ್ಟಾಲ್ ಮಾಡ್ಬೇಕಾ?

ಕೆಂಪುಚುಕ್ಕಿ:
ಏನೂ ಬೇಡ ಮೇಡಂ. ಥಿಂಕ್‌ಲೈಟ್ ಅಂತಾರೆ ಅದನ್ನ, ಎಫ್‌ಎನ್ ಹಿಡ್ಕೊಂಡು ಪೇಜ್‌ಅಪ್ ಒತ್ತಿ, ಫರ್ಮ್‌ವೇರೇ ನೋಡ್ಕೊಳ್ಳತ್ತೆ, ಯಾವ ಸಿಸ್ಟಮ್ ಇದ್ರೂ ಹತ್ತತ್ತೆ.

ಮಲೆನಾಡ_ಹುಡುಗಿ:
ಹತ್ತಿತು! ಈಗ ಇಲ್ಲಿ ಜೋರು ಮಳೆ, ಕರೆಂಟ್ ಹೋಗಿ ಒಂದು ಗಂಟೆ ಆಯ್ತು, ಅಪ್ಪ ಆ ದೀಪದಲ್ಲೇ ಕೂತು ಬರೀತಿದಾರೆ.